ಬಾಗಿಲ ಬಳಿಯ ಕಿತ್ತಳೆ ಕುಂಡಗಳು

ಆ ಲೈನ್‌ಮನ್‌ನನ್ನು ಬೀದಿಯವರೆಲ್ಲ ತಂತಿ ಮಾವ ಎನ್ನುತ್ತಿದ್ದರು. ಕಂಬ ಹತ್ತುವುದರಲ್ಲಿ ಅವನದು ಎತ್ತಿದ ಕೈ. ಬಾಯಂತೂ ಕೈಗಿಂತ ಚುರುಕು. ಕರೆಂಟು ಹೋದಾಗಲೆಲ್ಲ ಅವನಿಗೆ ಶಾಪ ಹಾಕುತ್ತಿದ್ದ ಬೀದಿ, ಹೆಲಿಕಾಪ್ಟರ್ ಬಿದ್ದ ದಿನದಿಂದ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿತ್ತು. ಅವನಿಗೋ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು.

ನದಿಯ ತಿರುವಿನಲ್ಲಿ ಈ ದಡದಿಂದ ಆ ದಡಕ್ಕೆ ದೊಡ್ಡ ಲೈನ್ ಹಾದುಹೋಗುತ್ತದೆ. ಹೊಲಗಳಿಗೆ ಔಷಧಿ ಸಿಂಪಡಿಸುವ ಹೆಲಿಕಾಪ್ಟರ್ ಮರದ ತುದಿ ಸವರಿಕೊಂಡೇ ಹಾರುವುದರಿಂದ, ಪೈಲಟ್ಟಿನ ಕಣ್ಣಿಗೆ ಬೀಳಲೆಂದು ತಂತಿಯ ನಡುವೆ ಕೊಡಕ್ಕಿಂತ ದೊಡ್ಡದಾದ ಕಿತ್ತಳೆ ಬಣ್ಣದ ಚೆಂಡು ಬಿಗಿದಿದ್ದರು. ಒಂದು ಬಿರುಗಾಳಿಗೆ ಅದು ಕಳಚಿ, ಎರಡು ಹೋಳಾಗಿ ತೇಲಿಬಂದು ದಡಕ್ಕೆ ಹತ್ತಿತು. ತಂತಿ ಮಾವ ತಲೆಯೆತ್ತಿ ನೋಡಿದ. ಆಕಾಶದೆದುರು ತಂತಿ ಗೀಟು ಎಳೆದಷ್ಟು ಸ್ಪಷ್ಟವಾಗಿತ್ತು.

"ಇಷ್ಟು ದಪ್ಪ ತಂತಿ ಕಾಣಲ್ಲ ಅಂದ್ರೆ ಆ ಪೈಲಟ್ಟಿಗೆ ಕನ್ನಡಕ ಹಾಕಿಸ್ಬೇಕು," ಎಂದು ನಕ್ಕ.

ಆಯುಷ್ಯವೆಲ್ಲ ತಂತಿಯನ್ನು ಕೆಳಗಿನಿಂದಲೇ ನೋಡಿದವನು! ಮೇಲಿನಿಂದ ನೋಡುವವನಿಗೆ ಅದೇ ತಂತಿ ನೀರಿನ ಬಣ್ಣದಲ್ಲಿ ಕರಗಿಹೋಗುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಸ ಚೆಂಡು ಕಟ್ಟಬೇಕೆಂದರೆ ಲೈನ್ ನಿಲ್ಲಿಸಬೇಕು, ದೋಣಿ ಹುಡುಕಬೇಕು, ಸಾಹೇಬರ ಮುಂದೆ ಹಲ್ಲು ಗಿಂಜಬೇಕು. ನಾಳೆ ನೋಡೋಣ ಎಂದುಕೊಂಡು ಹೋಳುಗಳನ್ನು ಮನೆಗೆ ಹೊತ್ತು ತಂದ. ಹೆಂಡತಿ ಅವಕ್ಕೆ ಮಣ್ಣು ತುಂಬಿ, ಬಾಗಿಲ ಎರಡೂ ಬದಿಗೆ ಗುಲಾಬಿ ನೆಟ್ಟಳು. ಗುಲಾಬಿ ಮೊಗ್ಗಾಯಿತು, ಹೂವಾಯಿತು. ಆ ನಾಳೆ ಮಾತ್ರ ಬರಲಿಲ್ಲ.

ಹೆಲಿಕಾಪ್ಟರ್ ತಂತಿಗೆ ಸಿಕ್ಕಿ ದಡದ ಕೆಸರಿಗೆ ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿದವನೂ ಅವನೇ. ಫೋನ್ ಮಾಡಿ ಲೈನ್ ನಿಲ್ಲಿಸಿ, ಪೈಲಟ್ಟನ್ನು ಎಳೆದು ಹೊರಗೆ ಹಾಕಿ, ಆಂಬುಲೆನ್ಸ್ ಬರುವವರೆಗೂ ಕೈ ಹಿಡಿದು ಕೂತಿದ್ದ. ಜನ ನೋಡಿದ್ದು ಅಷ್ಟನ್ನೇ.

ಈಗ ಆ ಪೈಲಟ್ ಊರುಗೋಲು ಊರಿಕೊಂಡು, ಕೃತಜ್ಞತೆ ಹೇಳಲು ಮನೆಗೇ ಬಂದ. ಆಟೋದಿಂದ ಅವನು ಇಳಿಯುವುದನ್ನು ಕಂಡದ್ದೇ ತಡ, ತಂತಿ ಮಾವ ಎರಡು ಗೋಣಿಚೀಲ ತಂದು ಕುಂಡಗಳ ಮೇಲೆ ಹೊದಿಸಿದ. ಗಿಡ ಬಾಗಿತು, ಬಾಗಲಿ.

"ಇನ್ನು ನಾನು ಹಾರಲ್ಲ ಅಣ್ಣ," ಎಂದ ಪೈಲಟ್, ಜಗಲಿಯಲ್ಲಿ ಕೂತು. "ಅಲ್ಲಿ ಚೆಂಡಿದೆ ಅಂತ ನನಗೆ ಗೊತ್ತು. ಅದನ್ನೇ ಹುಡುಕ್ಕೊಂಡು ಬಂದೆ, ಕಾಣಲಿಲ್ಲ. ಡಿಕ್ಕಿಯಲ್ಲೇ ಚೆಂಡು ಕಿತ್ತು ನದಿಗೆ ಬಿದ್ದಿರುತ್ತೆ, ನೀನೇ ಸರಿಯಾಗಿ ನೋಡಿಲ್ಲ ಅಂತಾರೆ ಎಲ್ಲರೂ. ಇರಬಹುದು. ಅಷ್ಟು ದೊಡ್ಡ ಚೆಂಡು ಕಾಣದೋನು ಮೇಲೆ ಹೋಗಿ ಏನ್ಮಾಡ್ಲಿ?"

ಹೇಳಿಬಿಡು, ಎಂದಿತು ತಂತಿ ಮಾವನ ಮನಸ್ಸು. ಆದರೆ ಅವನು, "ಎಲ್ಲ ಸರಿಹೋಗುತ್ತಪ್ಪ," ಎಂದ. ಹಾಗೆಂದ ತನ್ನ ಬಾಯಿಯ ಮೇಲೆ ಅವನಿಗೇ ಅಸಹ್ಯವಾಯಿತು.

ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಇದೇನ್ರೀ, ಮನೆಗೆ ನೆಂಟರು ಬಂದಾಗ ಈ ಕೊಳಕು ಗೋಣಿ?" ಎನ್ನುತ್ತ ಎರಡನ್ನೂ ಎಳೆದು ಆಚೆ ಎಸೆದಳು.

ಪೈಲಟ್ ಕುಂಡವನ್ನೇ ನೋಡಿದ. "ಅಕ್ಕ, ಇದೆಲ್ಲಿ ಸಿಕ್ತು?"

"ನದಿ ದಡದಲ್ಲಿ ಬಿದ್ದಿತ್ತಂತೆ. ಇವರೇ ತಂದ್ರು. ಆಗಲೇ ಎರಡು ಸಲ ಹೂ ಬಿಟ್ಟಿದೆ ನೋಡಿ," ಎಂದಳು ಹೆಮ್ಮೆಯಿಂದ. ಗಂಡನ ಮುಖ ನೋಡಿದವಳು, ಎಸೆದ ಗೋಣಿಯನ್ನು ಮತ್ತೆ ಎತ್ತಿಕೊಂಡಳು.

ಪೈಲಟ್ ಕಾಫಿ ಲೋಟವನ್ನು ಬಾಯಿಗೆ ತಾಗಿಸದೆ ಕೆಳಗಿಟ್ಟ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ತಂತಿ ಮಾವ ಕಾದ. ಹೊಡೆದಿದ್ದರೆ ಅವನ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು.

"ಅವತ್ತು ಕೆಸರಲ್ಲಿ ನನ್ನ ಕೈ ಹಿಡ್ಕೊಂಡು, ಹೆದರಬೇಡ ನಾನಿದ್ದೀನಿ ಅಂದ್ರಲ್ಲ," ಎಂದ ಪೈಲಟ್. "ಆಗಲೂ ಇದು ಗೊತ್ತಿತ್ತಾ ಅಣ್ಣ?"

ತಂತಿ ಮಾವ ತಲೆ ಎತ್ತದೆ ಹೂಂ ಎಂದ. ಪೈಲಟ್ ಊರುಗೋಲಿಗೆ ಕೈ ಚಾಚಿದ. ಎಬ್ಬಿಸಲು ತಂತಿ ಮಾವ ಕೈ ನೀಡಿದ, ಅವನು ಅದನ್ನು ಹಿಡಿಯಲಿಲ್ಲ.