ಚಿತ್ರಲಿಂಗಪ್ಪನ ಮಂಡಿಯೂ ಕೊಬ್ಬಿನ ಮಾತ್ರೆಯೂ

ಹೊಸದುರ್ಗದ ನನ್ನ ಕಂಬಳಿ ಅಂಗಡಿಗೆ ಚಿತ್ರಲಿಂಗಪ್ಪ ಇಪ್ಪತ್ತು ವರ್ಷದಿಂದ ಉಣ್ಣೆ ತಂದು ಹಾಕುತ್ತಿದ್ದಾನೆ. ಶ್ರೀರಾಂಪುರದ ಕಡೆಯ ಹಟ್ಟಿಯವನು. ತೂಕಕ್ಕಿಡುವ ಮೊದಲು ಉಣ್ಣೆಗೆ ಒಂದಿಷ್ಟು ನೀರು ಚಿಮುಕಿಸುವುದು ಅವನ ಪದ್ಧತಿ, ಹಿಡಿಯಲ್ಲಿ ಹಿಂಡಿ ನೋಡಿ ಸುಮ್ಮನಾಗುವುದು ನನ್ನದು. ಇಬ್ಬರೂ ಈವರೆಗೆ ಆ ಮಾತೆತ್ತಿಲ್ಲ.

ಅರವತ್ತರ ಹತ್ತಿರದ ಆಸಾಮಿ, ನೂರಾಮೂವತ್ತು ಕುರಿ. ಸುಗ್ಗಿ ಮುಗಿದ ಮೇಲೆ ಹಿರಿಯೂರಿನ ಕಡೆ ಹೊರಟರೆ, ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿಕೊಂಡು ಇದ್ದು, ಮಳೆ ಬಿದ್ದ ಮೇಲೇ ವಾಪಸು. ಹಿಂಡಿನ ಮುಂದೆ ಅವನು, ಹಿಂದೆ ತಮ್ಮ ಕನಕರಾಜ್. ಇದು ಬಿಟ್ಟರೆ ಬೇರೆ ಕೆಲಸ ಅವನಿಗೆ ಗೊತ್ತಿಲ್ಲ, ಬೇಕೂ ಇಲ್ಲ.

ಮೂರು ವರ್ಷದ ಹಿಂದೆ ಬಲಗಾಲಿನ ಮಂಡಿ ಹಿಡಿಯಿತು. ಚಿತ್ರದುರ್ಗದ ಡಾಕ್ಟರಿಗೆ ತೋರಿಸಿ ಬಂದವನು ನೇರ ಅಂಗಡಿಯ ಜಗಲಿಯಲ್ಲಿ ಕೂತ.

"ಸಾವ್ಕಾರ್ರೆ, ಮಂಡಿ ಸವೆದೈತಂತೆ. ಜತೆಗೆ ರಕ್ತದಾಗೆ ಕೊಬ್ಬು ಜಾಸ್ತಿಯಂತೆ. ಈ ಮೈಯಾಗೆ ಕೊಬ್ಬು ಎಲ್ಲೈತೆ, ನೀವೇ ತೋರಿಸ್ರಿ."

"ನಾಲಿಗ್ಯಾಗೆ ಹುಡುಕ್ಬೇಕಿತ್ತು ಅವ್ರು," ಎಂದೆ.

ಕೊಬ್ಬಿಗೆ ದಿನಕ್ಕೊಂದು ಮಾತ್ರೆ ಬರೆದಿದ್ದರು. ಬರೆಯುತ್ತಾ ಡಾಕ್ಟರು, ಇದರಿಂದ ಮಂಡಿ ಸವೆಯುವುದೂ ನಿಧಾನವಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ, ಅದನ್ನು ನಂಬಿಕೊಂಡು ಕೂರಬೇಡಿ ಎಂದರಂತೆ. ಚಿತ್ರಲಿಂಗಪ್ಪ ತನಗೆ ಬೇಕಾದ ಅರ್ಧ ಮಾತನ್ನು ಕಟ್ಟಿಕೊಂಡು ಬಂದ. ಉಳಿದರ್ಧ ಚಿತ್ರದುರ್ಗದಲ್ಲೇ ಉಳಿಯಿತು.

ಅಂದಿನಿಂದ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಈ ಸಲ ಹಿರಿಯೂರಿಗೆ ಹೊರಡುವ ಕಾಲಕ್ಕೆ ಮಂಡಿಯ ಜೊತೆಗೆ ತೊಡೆ, ಮೀನಖಂಡವೆಲ್ಲ ಹಿಂಡಲು ಶುರುವಾಯಿತು. ಕೂತರೆ ಏಳಲಾರ. ಹಿಂಡಿನ ಮುಂದೆ ಹೋಗುವುದೋ ಬಿಡುವುದೋ ಎಂಬಲ್ಲಿಗೆ ಬಂತು. ದುರ್ಗದಲ್ಲಿ ನನಗೂ ಕೆಲಸವಿದೆ ಎಂದು ಸುಳ್ಳು ಹೇಳಿ ಅವನ ಜೊತೆ ಬಸ್ಸು ಹತ್ತಿದೆ. ಅವನ ಹೆಂಡತಿ ಉಚ್ಚಂಗಮ್ಮನೂ ಬಂದಳು.

"ಮಾತ್ರೆ ಹೆಂಗೆ ತಗಂತಿದ್ದೀರಿ?" ಡಾಕ್ಟರು ಕೇಳಿದರು.

"ಸರಿಯಾಗೇ ತಗಂತೀನಿ, ಸ್ವಾಮಿ."

"ಸರಿಯಾಗಂತೆ!" ಉಚ್ಚಂಗಮ್ಮ ಸೆರಗು ಸರಿಮಾಡಿಕೊಂಡಳು. "ನೋವು ಜಾಸ್ತಿ ಇದ್ದ ದಿನ ಎಲ್ಡು. ದೂರ ನಡೆಯೋದಿದ್ರೆ ಹಿಂದಿನ್ ದಿನವೇ ಮೂರು. ಈ ತಿಂಗಳೆಲ್ಲಾ ದಿನಾ ಮೂರೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು ಹಂಗೆ?"

ಯಾರೂ ಹೇಳಿರಲಿಲ್ಲ. ಕುರಿಗೆ ಜಂತುಹುಳದ ಔಷಧಿ ಕುಡಿಸುವುದು ಮೈತೂಕ ನೋಡಿ. ಮರಿಗೆ ಇಷ್ಟು, ಟಗರಿಗೆ ಅದರ ಮೂರರಷ್ಟು, ದೂರ ಹೊರಡುವ ಮೊದಲು ಒಂದು ಸಲ ತಪ್ಪದೆ. ನಲವತ್ತು ವರ್ಷ ಇದರಲ್ಲಿ ಎಡವದ ಮನುಷ್ಯ ಅದನ್ನೇ ತನಗೂ ನಡೆಸಿದ್ದ. ತನ್ನನ್ನು ಟಗರಿನ ಸಾಲಿನಲ್ಲಿ ಸೇರಿಸಿಕೊಂಡಿದ್ದನೆಂಬುದು ಬೇರೆ ಮಾತು.

ಡಾಕ್ಟರಿಗೆ ಬೈಯಲೂ ಸುಸ್ತಾದಂತಿತ್ತು. ತೊಡೆಯ ನೋವು ಮಾತ್ರೆ ಹೆಚ್ಚಾದದ್ದರಿಂದಲೇ ಇರಬೇಕು ಎಂದರು. ರಕ್ತಪರೀಕ್ಷೆಗೆ ಬರೆದರು. ಒಂದು ತಿಂಗಳು ಮಾತ್ರೆ ನಿಲ್ಲಿಸಿ, ಆಮೇಲೆ ನಾನು ಹೇಳಿದಷ್ಟೇ, ಅದೂ ಹೃದಯಕ್ಕೆಂದು, ಎಂದರು. ಹೊಸದಾಗಿ ತೆಗೆಸಿದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆಗೂ ಮೂಳೆಗೂ ನಡುವೆ ಹಿಂದೆ ಇದ್ದ ಚೂರು ಜಾಗವೂ ಹೋಗಿತ್ತು.

"ಹಂಗಾರೆ ಇದು ಮಂಡಿಗೆ ಅಲ್ವಾ, ಸ್ವಾಮಿ?"

"ಅಲ್ಲ."

"ಎದೆ ಒಂದಿನಾನೂ ನೋಯ್ಲಿಲ್ವಲ್ಲ ನಂಗೆ."

"ನೋಯದೆ ಇರ್ಲಿ ಅಂತಾನೇ ಕೊಟ್ಟಿದ್ದು."

ತಿಂಗಳಾಗುವುದರೊಳಗೆ ತೊಡೆಯ ನೋವು ಹೋಯಿತು. ಮಂಡಿ ಹಾಗೇ ಉಳಿಯಿತು. ಹಟ್ಟಿಯಿಂದ ಕೆರೆ ಏರಿಯವರೆಗೆ ಹೋಗಿ ಬರುವುದರಲ್ಲಿ ಅವನು ಎರಡು ಸಲ ಕೂರುತ್ತಿದ್ದ. ಹಿರಿಯೂರಿನ ಹಾದಿ ಕೇಳುವುದೇ ಬೇಡ. ನೂರು ಕುರಿ ಕನಕರಾಜ್ ಹೊಡೆದುಕೊಂಡು ಹೋಗುವುದು, ಎಳೆ ಮರಿಗಳೂ ತಾಯಿಗಳೂ ಹಟ್ಟಿಯಲ್ಲೇ ಇರುವುದು ಎಂದಾಯಿತು. ಯಾರೂ ತೀರ್ಮಾನ ಮಾಡಲಿಲ್ಲ, ಆಗಿಹೋಯಿತು.

ಹೊರಡುವ ದಿನ ಬೆಳಿಗ್ಗೆ ನಾನು ಅಲ್ಲಿದ್ದೆ. ಹಿಂಡು ಬೇಲಿ ದಾಟಿ ದಾರಿಗಿಳಿಯಿತು. ಕಲ್ಲಿನ ಮೇಲೆ ಕೂತಿದ್ದ ಚಿತ್ರಲಿಂಗಪ್ಪ ತಡೆಯಲಾರದೆ ಒಮ್ಮೆ, ಹಿಂಡಿನ ಮುಂದೆ ನಡೆಯುವಾಗ ಕರೆಯುವಂತೆ, "ಹುರ್ರ್ರ್..." ಎಂದ. ಮುಂದಿದ್ದ ಕುರಿಗಳು ನಿಂತವು, ತಿರುಗಿದವು, ಅವನ ಕಡೆಗೇ ಬರತೊಡಗಿದವು.

"ಅಣ್ಣಾ, ದಮ್ಮಯ್ಯ, ಬಾಯಿ ಮುಚ್ಕಂಡು ಕುಂತ್ಕ!" ಕನಕರಾಜ್ ಅಡ್ಡ ಓಡಿಬಂದ. "ನೀನು ಉಲಿದ್ರೆ ಹಿರಿಯೂರು ಹಂಗಿರ್ಲಿ, ಇವು ಹೊಳೆಗೂ ಇಳಿಯಾಕಿಲ್ಲ."

ಚಿತ್ರಲಿಂಗಪ್ಪ ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡ. ಹಿಂಡು ತಿರುವಿನಲ್ಲಿ ಮರೆಯಾಗಿ ಎಷ್ಟೋ ಹೊತ್ತಾದರೂ ತೆಗೆಯಲಿಲ್ಲ.