ಅಮ್ಮನಿಗೆ ಗುದ್ದಿ ಓಡಿಹೋದವನು

ವಿನೋಬನಗರದ ನಮ್ಮ ಮನೆಯ ಹತ್ತಿರವೇ, ಬೆಳಿಗ್ಗೆ ಹಾಲು ತರಲು ಹೋಗಿದ್ದ ಅಮ್ಮನಿಗೆ ಗೂಡ್ಸ್ ಆಟೋ ಗುದ್ದಿತು. ಡ್ರೈವರ್ ಇಳಿದು ಬಂದ, ಬಗ್ಗಿ ನೋಡಿದ, ಮತ್ತೆ ಗಾಡಿ ಹತ್ತಿ ಹೊರಟುಹೋದ. ಅಮ್ಮನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದಮೇಲೂ ಕೋಲಿಲ್ಲದೆ ನಡೆಯಲು ಆಗಲಿಲ್ಲ. ಅಂಗಡಿಯೊಂದರ ಕ್ಯಾಮೆರಾದಲ್ಲಿ ಗಾಡಿಯ ನಂಬರ್ ಸಿಕ್ಕಿ, ಪೊಲೀಸರು ಅವನನ್ನು ಭದ್ರಾವತಿಯಲ್ಲಿ ಹಿಡಿದರು.

ಅಮ್ಮ ಸಾಕ್ಷಿ ಹೇಳುವ ದಿನ ನಾನೇ ಕೋರ್ಟಿಗೆ ಕರೆದುಕೊಂಡು ಹೋದೆ. ವರಾಂಡದಲ್ಲಿ ಬಸುರಿ ಹುಡುಗಿಯೊಬ್ಬಳು ಗೋಡೆಗೆ ಒರಗಿ ನಿಂತಿದ್ದಳು. ಅಮ್ಮ ನನ್ನನ್ನು ಬೆಂಚಿನಿಂದ ಎಬ್ಬಿಸಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಯಾರ ಕೇಸಮ್ಮಾ?"

"ನಿಮ್ಮದೇ. ಆಟೋ ಓಡಿಸಿದೋರು ನಮ್ಮ ಯಜಮಾನ್ರು," ಎಂದು ಹುಡುಗಿ ಅಳತೊಡಗಿದಳು.

ನನಗೆ ಮೈ ಉರಿಯಿತು. ಅಮ್ಮ ಚೀಲದಿಂದ ಚಿತ್ರಾನ್ನದ ಡಬ್ಬಿ ತೆಗೆದಳು. "ಮೊದಲು ತಿನ್ನು."

"ಒಳಗೆ ಹೋಗಿ ಏನು ಹೇಳ್ತೀಯಾ ಈಗ?" ಎಂದು ಕೇಳಿದೆ.

"ಆಗಿದ್ದನ್ನೇ ಹೇಳ್ತೀನಿ. ಇವಳಿಗೆ ಹಸಿವಾಗಿದೆ, ಅದು ಬೇರೆ."

ಅಮ್ಮ ಕಟಕಟೆಯಲ್ಲಿ ನಿಂತು ಡ್ರೈವರ್ ಕಡೆ ಕೈ ತೋರಿಸಿ "ಇವನೇ" ಎಂದಳು. ಅವನಿಗೆ ಕೆಲವು ತಿಂಗಳು ಜೈಲಾಯಿತು.

ಮಗು ಹುಟ್ಟಿದ ಸುದ್ದಿ ತಿಳಿದಾಗ ಅಮ್ಮ ಭದ್ರಾವತಿಗೆ ಹೊರಟಳು. ಆ ಹುಡುಗಿಗೆ ತಾಯಿ ಇರಲಿಲ್ಲ. ನಾನು ಗೊಣಗುತ್ತಲೇ ಜೊತೆಗೆ ಹೋದೆ. ಬಗ್ಗಲಾಗದ ಅಮ್ಮ ಸ್ಟೂಲಿನ ಮೇಲೆ ಕೂತು, ಮಗುವಿಗೆ ಹೇಗೆ ಎಣ್ಣೆ ಹಚ್ಚಬೇಕು, ಹೇಗೆ ನೀರು ಹಾಕಬೇಕು ಎಂದು ಹೇಳಿಕೊಟ್ಟಳು. ಆಮೇಲೂ ಹೋಗುತ್ತಿದ್ದಳು.

ಬಿಡುಗಡೆಯಾದ ಮೇಲೆ ಅವನು ಹೆಂಡತಿ, ಮಗುವಿನ ಜೊತೆ ನಮ್ಮ ಮನೆಗೆ ಬಂದ. ಕಾಲಿಗೆ ಬೀಳಲು ಬಂದವನನ್ನು ಅಮ್ಮ ತಡೆದಳು.

"ಯಾಕಪ್ಪಾ ಬಿಟ್ಟು ಹೋದೆ?"

"ಹೆದರಿಕೆ ಆಯ್ತಮ್ಮಾ."

"ನನಗೂ ಆಗಿತ್ತು. ನೀನು ಇಳಿದು ಬಂದಾಗ, ಸದ್ಯ, ಒಬ್ಬ ಬಂದ ಅಂದ್ಕೊಂಡೆ."

ಅವನು ಮುಖ ಮುಚ್ಚಿಕೊಂಡು ಅತ್ತ. ಅಮ್ಮ ಸಮಾಧಾನ ಮಾಡಲಿಲ್ಲ. ಅಳು ನಿಂತಮೇಲೆ, ಎಲ್ಲರಿಗೂ ಟೀ ಮಾಡು ಎಂದು ನನಗೆ ಹೇಳಿದಳು. ಮಾಡಿ ಕೊಟ್ಟೆ.

ಈಗ ಅವನು ಗಾಡಿ ಓಡಿಸುವುದಿಲ್ಲ, ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಮಗು ಅಮ್ಮನನ್ನು ಅಜ್ಜಿ ಎನ್ನುತ್ತದೆ. ನಾನು ಅವನ ಜೊತೆ ಬೇಕಾದಷ್ಟೇ ಮಾತಾಡುತ್ತೇನೆ. ಹೆಚ್ಚು ಮಾತಾಡು ಎಂದು ಅಮ್ಮ ಯಾವತ್ತೂ ಹೇಳಿಲ್ಲ.