ಎದುರು ಫ್ಲ್ಯಾಟಿಗೆ ಹೋದ ಡಬ್ಬಿ

ಅಬುಧಾಬಿಯ ಕೊರಿಯನ್ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ ಎಂದರೆ ಉಡುಪಿಯ ನಮ್ಮ ನೆಂಟರಿಗೆ ಇಂದಿಗೂ ನಂಬಿಕೆ ಬರುವುದಿಲ್ಲ. "ಅರಬರ ದೇಶದಲ್ಲಿ ಕೊರಿಯಾದವರಿಗೆ ಉಡುಪಿಯವಳು ಇಂಗ್ಲಿಷ್ ಕಲಿಸುವುದಾ? ಎಂತ ಮಾರಾಯ್ತಿ ಇದು!" ಎಂದು ನಗುತ್ತಾರೆ. ನಗಲಿ. ಕೆಲಸಕ್ಕೆಂದು ಬಂದಿದ್ದ ಕೊರಿಯನ್ ಎಂಜಿನಿಯರುಗಳ ಮಕ್ಕಳಿಗಾಗಿ ನಡೆಯುತ್ತಿದ್ದ ಪುಟ್ಟ ಶಾಲೆ ಅದು, ಆರನೆಯ ತರಗತಿಯವರೆಗೆ ಮಾತ್ರ. ಅದಕ್ಕೆ ಮುಂಚೆ ನಾನು ಅಲ್ ಐನ್‌ನಲ್ಲಿ ಭಾರತೀಯರ ಶಾಲೆಯೊಂದರಲ್ಲಿ ಗಂಟಲು ಹರಿಯುವಂತೆ ಕಿರುಚಿ ಪಾಠ ಮಾಡಿದವಳು. ಇಲ್ಲಿ ಬೆರಳೆಣಿಕೆಯ ಮಕ್ಕಳು ಬಾಗಿಲಲ್ಲಿ ಶೂ ಬಿಚ್ಚಿಟ್ಟು, ಒಳಗಿನ ಚಪ್ಪಲಿ ಹಾಕಿಕೊಂಡು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಕೂರುತ್ತಿದ್ದರು. ಇವರ ಮುಂದೆ ಯಾವ ಸ್ವರದಲ್ಲಿ ಮಾತಾಡಬೇಕೆಂದು ತಿಳಿಯದೆ ಮೊದಲ ವಾರ ಪಿಸುಗುಟ್ಟಿಯೇ ಕಳೆದೆ.

ಸಂಜೆ ಮಕ್ಕಳೇ ಬಟ್ಟೆ ಹಿಡಿದು ತರಗತಿ ಒರೆಸುತ್ತಿದ್ದರು. ಸುಮ್ಮನೆ ನೋಡುತ್ತಾ ನಿಲ್ಲಲು ನಾಚಿಕೆಯಾಗಿ ನಾನೂ ಸೀರೆ ಎತ್ತಿ ಕಟ್ಟಿ ಒರೆಸಲು ಕೂತೆ. ಮೀಟಿಂಗ್‌ಗಳಂತೂ ಪೂರ್ತಿ ಅವರ ಭಾಷೆಯಲ್ಲೇ. ಮುಖ್ಯೋಪಾಧ್ಯಾಯರು ಉದ್ದಕ್ಕೂ ಮಾತಾಡುವರು, ಪಕ್ಕದ ಟೀಚರ್ ನನ್ನ ಕಡೆ ಬಾಗಿ, "ನಾಳೆ ಬಸ್ ಬೇಗ ಬರುತ್ತದೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸುವರು. ಉಳಿದ ಮಾತೆಲ್ಲ ಎಲ್ಲಿ ಹೋಯಿತೋ!

ನಮ್ಮ ಮನೆ ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ, ಒಂದು ಹಳೆಯ ಕಟ್ಟಡದಲ್ಲಿತ್ತು. ಎದುರು ಫ್ಲ್ಯಾಟಿಗೆ ಕೊರಿಯನ್ ಸಂಸಾರವೊಂದು ಬಂತು. ಅವರ ಜನ ಹೆಚ್ಚಾಗಿ ಹೊಸ ಕಟ್ಟಡಗಳಲ್ಲೇ ಇರುವುದು. ಇವರು ಇಲ್ಲಿಗೇಕೆ ಬಂದರೋ, ನನ್ನ ಅದೃಷ್ಟ. ಅವರ ಮಗಳು ನಾಲ್ಕನೆಯ ತರಗತಿಯಲ್ಲಿ ನನ್ನದೇ ವಿದ್ಯಾರ್ಥಿನಿ. ಆದರೆ ತಾಯಿಯ ಪರಿಚಯ ಶಾಲೆಯಿಂದ ಆದದ್ದಲ್ಲ, ನಾತದಿಂದ ಆದದ್ದು.

ಒಂದು ಶುಕ್ರವಾರ ನಾನು ಒಣ ಸಿಗಡಿ ಹುರಿಯುತ್ತಿದ್ದೆ. ಬೆಲ್ ಆಯಿತು. ನೋಡಿದರೆ ನಾತೂರ್, ಎಂದರೆ ನಮ್ಮ ಕಟ್ಟಡದ ಕಾವಲುಗಾರ, ಬಂಟ್ವಾಳ ಕಡೆಯ ಬ್ಯಾರಿ.

"ಟೀಚರಕ್ಕ, ಮೇಲಿನವರು ಕಂಪ್ಲೇಂಟ್ ಮಾಡ್ತಿದ್ದಾರೆ. ವಾಸನೆ ನಿಮ್ಮದಾ, ಎದುರಿನವರದ್ದಾ?"

ಅಷ್ಟರಲ್ಲಿ ಎದುರು ಬಾಗಿಲೂ ತೆರೆಯಿತು. ಆಕೆಯ ಕೈಯಲ್ಲಿ ಸೌಟು, ಹಿಂದಿನಿಂದ ಅದೇ ಒಣ ಮೀನಿನ ಘಮ. ಮೂವರೂ ಮುಖ ಮುಖ ನೋಡಿಕೊಂಡು ನಕ್ಕೆವು. "ನನಗೆಂತ ಇಲ್ಲ, ನಮಗೆ ಇದು ಸ್ವರ್ಗ. ಬಾಗಿಲು ಹಾಕ್ಕೊಂಡು ಹುರಿಯಿರಿ ಆಯ್ತಾ" ಎಂದು ಅವನು ಹೋದ.

ಅಂದು ಸಂಜೆಯೇ ಒಂದು ಸ್ಟೀಲ್ ಡಬ್ಬಿಯಲ್ಲಿ ಸಿಗಡಿ ಚಟ್ನಿ ಹಾಕಿ, ಮೇಲೆ ನೀರ್ ದೋಸೆ ಮಡಚಿಟ್ಟು ಕೊಟ್ಟೆ. ಎರಡು ದಿನ ಬಿಟ್ಟು ಡಬ್ಬಿ ವಾಪಸ್ ಬಂತು, ಅದರ ತುಂಬ ಪುಟ್ಟ ಪುಟ್ಟ ಒಣ ಮೀನು, ಖಾರ ಮತ್ತು ಸಿಹಿ ಹಾಕಿ ಹುರಿದದ್ದು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮಲ್ಲಿ ಹೇಗೋ ಅವರಲ್ಲಿಯೂ ಹಾಗೆಯೇ ಎಂದು ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಅಲ್ಲಿಂದ ಆ ಡಬ್ಬಿಗೆ ಬಿಡುವೇ ಸಿಗಲಿಲ್ಲ. ನಮ್ಮಿಬ್ಬರಿಗೆ ಒಟ್ಟಾಗಿ ಗೊತ್ತಿದ್ದ ಮಾತುಗಳು ಕಡಿಮೆ, ಡಬ್ಬಿ ಮಾತಾಡುತ್ತಿತ್ತು. ಪತ್ರೊಡೆ ತಿಂದು ಆಕೆ ಕಣ್ಣು ಮುಚ್ಚಿ ನಿಂತದ್ದು, ಅವರ ಕೋಸಿನ ಉಪ್ಪಿನಕಾಯಿ ತಿಂದು ನನಗೆ ಬಿಕ್ಕಳಿಕೆ ಹತ್ತಿದಾಗ ಆಕೆ ಬೆನ್ನು ತಟ್ಟಿದ್ದು, ಎಲ್ಲ ನಮ್ಮ ಅಡುಗೆಮನೆಯಲ್ಲೇ. ಗಲ್ಫಿನಲ್ಲಿ ಅಷ್ಟು ವರ್ಷ ಕಳೆದರೂ ನನಗೆ ಅಂಥ ಗೆಳತಿ ಇನ್ನೊಬ್ಬಳು ಸಿಗಲಿಲ್ಲ.

ಹುಡುಗಿ ಐದನೆಯ ತರಗತಿಯಲ್ಲಿದ್ದಾಗ ಒಂದು ಮೀಟಿಂಗ್ ನಡೆಯಿತು. ಮುಖ್ಯೋಪಾಧ್ಯಾಯರು ಎಂದಿಗಿಂತ ಗಂಭೀರವಾಗಿದ್ದರು. ಪಕ್ಕದ ಟೀಚರ್ ನನ್ನ ಕಡೆ ಬಾಗಿದರು. "ನಮ್ಮ ದೇಶದಲ್ಲಿ ಹೊಸ ಕಾನೂನು ಬಂದಿದೆ. ಇನ್ನು ಪೋಷಕರಿಂದ ಒಂದು ಕಪ್ ಕಾಫಿ ಕೂಡ ತೆಗೆದುಕೊಳ್ಳುವ ಹಾಗಿಲ್ಲ."

ಆಗ ಡಬ್ಬಿ ಎದುರು ಮನೆಯಲ್ಲಿತ್ತು.

ಪೋಷಕರಿಗೂ ಶಾಲೆಯಿಂದ ತಿಳಿಸಿದ್ದರು. ಅಂದು ಸಂಜೆ ಆಕೆ ಬಾಗಿಲಲ್ಲಿ ನಿಂತು, ಮಗಳ ಬಾಯಲ್ಲಿ ಹೇಳಿಸಿದರು: "ಟೀಚರ್, ಅಮ್ಮ ಡಬ್ಬಿ ಈಗ ಕೊಡಲ್ಲವಂತೆ. ಖಾಲಿ ಕೊಡಲು ಆಗುವುದಿಲ್ಲ, ತುಂಬಿ ಕೊಟ್ಟರೆ ನಿಮಗೆ ತೊಂದರೆ." ನನ್ನ ವೀಸಾ ಶಾಲೆಯ ಮೇಲಿತ್ತು, ನನಗೂ ಹೆದರಿಕೆ. "ಫೆಬ್ರವರಿ" ಎಂದೆ. ಅವರ ಶಾಲೆಯ ವರ್ಷ ಮುಗಿಯುವುದು ಫೆಬ್ರವರಿಯಲ್ಲಿ. "ಈ ಫೆಬ್ರವರಿ ಅಲ್ಲ, ಅದರ ಮುಂದಿನ ಫೆಬ್ರವರಿಗೆ ಆರನೆಯದು ಮುಗಿದರೆ ಇವಳು ನಮ್ಮ ಶಾಲೆಯವಳಲ್ಲ. ಆಮೇಲೆ ಖಲಾಸ್, ಕಾನೂನೂ ಇಲ್ಲ, ಏನೂ ಇಲ್ಲ." ಆಕೆ ನಕ್ಕು "ಫೆಬ್ರವರಿ, ಫೆಬ್ರವರಿ" ಎಂದರು.

ನನಗೆ ಇಂದಿಗೂ ನನ್ನ ಮೇಲೆಯೇ ಸಿಟ್ಟು ಬರುವುದು ಇಲ್ಲಿ. ತಿನ್ನಬಾರದು ಎಂದಿದ್ದರೇ ಹೊರತು ಕೂರಬಾರದು ಎಂದಿರಲಿಲ್ಲ. ಆದರೆ ಮನೆಗೆ ಬಂದವರಿಗೆ ಬಾಯಿಗೆ ಏನೂ ಕೊಡದೆ ಕಳಿಸುವುದು ಹೇಗೆ? ನಮ್ಮ ಕಡೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ, ಅವರಲ್ಲೂ ಇಲ್ಲ. ನಾನು ತಿನ್ನಿಸಿದರೆ ಆಕೆಗೆ ತಿರುಗಿ ಕೊಡಲಾಗದ ಋಣ. ಹಾಗಾಗಿ ನಾನು ಕರೆಯಲಿಲ್ಲ, ಆಕೆಯೂ ಕರೆಯಲಿಲ್ಲ. ಬಾಗಿಲಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ. ಲಿಫ್ಟಿನಲ್ಲಿ ಸಿಕ್ಕರೆ "ಫೆಬ್ರವರಿ" ಎಂದು ನಗುವುದು, ಅಷ್ಟೇ. ಎದುರಿನಿಂದ ಮೀನಿನ ಘಮ ಬಂದರೆ ನಮ್ಮ ಯಜಮಾನರು ಕೆಣಕುವರು: "ಹೋಗಿ ಬಾಗಿಲ ಸಂದಿಯಲ್ಲಿ ಮೂಗಿಟ್ಟು ಕೂತುಕೋ, ಅದಕ್ಕೆ ಕಾನೂನು ಇಲ್ಲ." ನಾನು ನಗುತ್ತಿದ್ದೆ. ಫೆಬ್ರವರಿಗೆ ಏನೇನು ಮಾಡಿ ಬಡಿಸಬೇಕೆಂದು ಮನಸ್ಸಿನಲ್ಲೇ ಎಷ್ಟು ಸಲ ಅಡುಗೆ ಮಾಡಿದೆನೋ.

ಹುಡುಗಿಯ ಆರನೆಯ ತರಗತಿಯ ಚಳಿಗಾಲದ ರಜೆಯಲ್ಲಿ ನಾವು ಊರಿಗೆ ಹೋದೆವು. ಬರುವಾಗ ಮಲ್ಪೆಯಿಂದ ಒಳ್ಳೆಯ ಒಣ ಸಿಗಡಿ ಹುಡುಕಿ, ಎರಡು ಪೊಟ್ಟಣ ಕಟ್ಟಿಸಿ, ಬಟ್ಟೆಗಳ ಮಧ್ಯೆ ಒತ್ತಿಟ್ಟು ತಂದೆ. ಒಂದು ನಮಗೆ, ಇನ್ನೊಂದು ಫೆಬ್ರವರಿಗೆ. ಟ್ಯಾಕ್ಸಿ ಇಳಿದರೆ ನಾತೂರ್ ಓಡಿ ಬಂದು ಸೂಟ್‌ಕೇಸ್ ಹಿಡಿದ.

"ಟೀಚರಕ್ಕ, ನಿಮ್ಮ ಎದುರಿನವರು ಹೋದ್ರು."

"ಎಲ್ಲಿಗೆ?"

"ಅವರ ದೇಶಕ್ಕೆ. ಕಂಪನಿಯವರು ಟ್ರಾನ್ಸ್‌ಫರ್ ಮಾಡಿದ್ರಂತೆ, ಒಂದೇ ವಾರದಲ್ಲಿ ಯಲ್ಲಾ ಹೊರಡಿ ಅಂತ. ನಿಮ್ಮನ್ನು ಕೇಳಿಕೊಂಡು ಬಂದಿದ್ರು." ಅವನು ತನ್ನ ಕೋಣೆಗೆ ಹೋಗಿ ನನ್ನ ಸ್ಟೀಲ್ ಡಬ್ಬಿ ತಂದ. "ಇದು ಕೊಟ್ಟು ಹೋದ್ರು."

ಹಗುರವಾಗಿತ್ತು. ಮುಚ್ಚಳ ತೆರೆದೆ, ಖಾಲಿ.

ಅವನಿಗೆ ಸಂಕೋಚವಾಯಿತು. "ತುಂಬ್ಸಿಯೇ ಕೊಟ್ಟದ್ದು ಟೀಚರಕ್ಕ. ಒಣ ಮೀನು ಹುರಿದದ್ದು. ನೀವು ಯಾವಾಗ ಬರ್ತೀರಿ ಅಂತ ನಂಗೆ ಗೊತ್ತಿಲ್ಲ. ಹಾಳಾಗ್ತದೆ ಅಂತ ನಾನೇ ತಿಂದೆ. ಬೇಜಾರು ಮಾಡ್ಬೇಡಿ."

"ಇಲ್ಲ ಮಾರಾಯಾ. ಒಳ್ಳೆಯದಾಯ್ತು, ತಿಂದದ್ದು."

"ಆ ಮಗು ಒಂದು ಮಾತು ಹೇಳ್ಲಿಕ್ಕೆ ಹೇಳಿತ್ತು. ಹೊರಡುವ ಹಿಂದಿನ ದಿನವೇ ಶಾಲೆಯಿಂದ ಹೆಸರು ತೆಗ್ಸಿ ಆಯ್ತಂತೆ, ಇನ್ನು ಅದು ನಿಮ್ಮ ಸ್ಟೂಡೆಂಟ್ ಅಲ್ಲವಂತೆ. ಹಾಗಾಗಿ ಟೀಚರ್ ತಿನ್ನಬಹುದು ಅಂತ. ಎಂತ ಅದು, ನಂಗೆ ಅರ್ಥ ಆಗ್ಲಿಲ್ಲ."

ನಾನು ಡಬ್ಬಿ ಹಿಡಿದುಕೊಂಡು ಮೇಲೆ ಬಂದು ಆಕೆಯ ನಂಬರಿಗೆ ಫೋನ್ ಮಾಡಿದೆ, ಇಲ್ಲಿಯ ಸಿಮ್ ಕಟ್ ಆಗಿತ್ತು. ಮುಖ್ಯೋಪಾಧ್ಯಾಯರನ್ನು ಕೇಳಿದಾಗ ಪೋಷಕರ ವಿಳಾಸ ಕೊಡುವಂತಿಲ್ಲ ಎಂದರು. ಅದಕ್ಕೂ ಒಂದು ಕಾನೂನು ಇದ್ದಿರಬೇಕು.

ಎದುರು ಫ್ಲ್ಯಾಟಿಗೆ ಬೇರೆಯವರು ಬಂದರು. ನಾವೂ ಆಮೇಲೆ ದುಬೈಗೆ, ಡಿಸ್ಕವರಿ ಗಾರ್ಡನ್ಸ್‌ಗೆ ಮನೆ ಬದಲಿಸಿದೆವು. ಡಬ್ಬಿ ಈಗಲೂ ನನ್ನ ಅಡುಗೆಮನೆಯಲ್ಲಿದೆ. ಅದರಲ್ಲಿ ನಾನು ಬೇರೆ ಯಾರಿಗೂ ಏನೂ ಹಾಕಿ ಕೊಟ್ಟಿಲ್ಲ. ಕೊನೆಯ ಸಲ ತುಂಬಿಸಿದ್ದು ಆಕೆ. ಈಗ ಸರದಿ ನನ್ನದು.